ಭಿನ್ನ ಸಮುದಾಯಗಳ ನಡುವೆ ಬಾಳುವ ಬಗೆ: ಅರಿಯುವುದು ಹೇಗೆ, ಗೌರವಿಸುವುದು ಹೇಗೆ

ಒಂದೇ ಬೀದಿಯಲ್ಲಿ, ಒಂದೇ ಕಚೇರಿಯಲ್ಲಿ, ಒಂದೇ ತರಗತಿಯಲ್ಲಿ ಬೇರೆ ಬೇರೆ ಭಾಷೆ, ಧರ್ಮ, ಜನಾಂಗ, ವಯಸ್ಸು, ಲಿಂಗ, ದೇಹಸ್ಥಿತಿ ಮತ್ತು ಆರ್ಥಿಕ ಹಿನ್ನೆಲೆಯ ಜನ ಒಟ್ಟಿಗೆ ಇರುವುದು ಇಂದು ಬಹುತೇಕ ಎಲ್ಲ ಸಮಾಜಗಳಲ್ಲೂ ಸಾಮಾನ್ಯ ಸಂಗತಿ. ಒಟ್ಟಿಗೆ ಇರುವುದು ತಾನಾಗಿಯೇ ಒದಗಿ ಬರುತ್ತದೆ. ಒಬ್ಬರನ್ನೊಬ್ಬರು ಅರಿತು ಬಾಳುವುದಕ್ಕೆ ಮಾತ್ರ ಅಭ್ಯಾಸ ಬೇಕು. ಆ ಅಭ್ಯಾಸವನ್ನು ಎಲ್ಲಿಂದ ಶುರು ಮಾಡಬೇಕು, ಮಾತುಕತೆಯಲ್ಲಿ, ಸಭೆಯಲ್ಲಿ, ಕೆಲಸದಲ್ಲಿ ಅದನ್ನು ಹೇಗೆ ನಡೆಸಿಕೊಂಡು ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗೌರವವೆಂದರೆ ಮನಸ್ಸಿನಲ್ಲಿ ಒಳ್ಳೆಯ ಭಾವನೆ ಇಟ್ಟುಕೊಳ್ಳುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಆದರೆ ಒಳ್ಳೆಯ ಭಾವನೆಯುಳ್ಳವರೂ ಎದುರಿಗಿರುವವರ ಬಗ್ಗೆ ತಾವು ಊಹಿಸಿಕೊಂಡದ್ದನ್ನೇ ನಿಜವೆಂದು ನಂಬಿ ಅವರನ್ನು ನೋಯಿಸಬಲ್ಲರು. ಆದ್ದರಿಂದ ಮುಂದೆ ಹೇಳುವ ಎಲ್ಲ ಕ್ರಮಗಳಿಗೂ ಆಧಾರವಾಗಿರುವ ಮಾತು ಒಂದೇ: ಒಂದು ಸಮುದಾಯದ ಬಗ್ಗೆ ನಮಗೆ ಗೊತ್ತಿದೆ ಎಂದುಕೊಂಡಿರುವುದನ್ನು ಆ ಸಮುದಾಯದ ಪ್ರತಿಯೊಬ್ಬ ವ್ಯಕ್ತಿಯ ಮುಂದೆ ಮತ್ತೆ ಪರೀಕ್ಷೆಗೆ ಒಡ್ಡಬೇಕು, ಮತ್ತು ಆ ಪರೀಕ್ಷೆಯನ್ನು ನಮ್ಮ ತಲೆಯೊಳಗೇ ಮುಗಿಸಿಬಿಡದೆ ಅವರನ್ನೇ ಕೇಳಿ ನಡೆಸಬೇಕು.

ಮೊದಲು ನಮ್ಮ ಮನಸ್ಸಿನ ಚಾಳಿಯನ್ನು ಗುರುತಿಸಿ

'ನಮ್ಮವರು', 'ಅವರು' ಎಂದು ವಿಂಗಡಿಸಿಕೊಳ್ಳುವುದಕ್ಕೆ ಹಳೆಯ ದ್ವೇಷವಾಗಲಿ, ಆಸ್ತಿಯ ಜಗಳವಾಗಲಿ ಇರಲೇಬೇಕೆಂದಿಲ್ಲ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಮತ್ತು ಅವರ ಸಹೋದ್ಯೋಗಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಶಾಲಾ ಹುಡುಗರ ಮೇಲೆ ನಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಪಾಲ್ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟ ಎಂಬುದರ ಮೇಲೆ ಗುಂಪು ಮಾಡಲಾಗಿದೆ ಎಂದು ಹುಡುಗರಿಗೆ ಹೇಳಲಾಯಿತು. ನಿಜದಲ್ಲಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದು ಗೊತ್ತಿಲ್ಲದಿದ್ದರೂ, ಹಂಚಿಕೆಯಿಂದ ತಮಗೆ ಏನೂ ಸಿಗದಿದ್ದರೂ, ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಇನ್ನೂ ಯೋಚಿಸಬೇಕಾದ ಸಂಗತಿಯೆಂದರೆ, ತಮ್ಮ ಗುಂಪಿಗೆ ಒಟ್ಟಾರೆ ಹೆಚ್ಚು ಸಿಗುವುದಕ್ಕಿಂತ ಇನ್ನೊಂದು ಗುಂಪಿಗಿಂತ ಹೆಚ್ಚು ಸಿಗುವುದು ಅವರಿಗೆ ಮುಖ್ಯವಾಯಿತು. ಇಷ್ಟು ಅಲ್ಪ ಕಾರಣಕ್ಕೆ ಇಂಥ ಪಕ್ಷಪಾತ ಹುಟ್ಟುವುದಾದರೆ, ಭಾಷೆ, ಧರ್ಮ, ಬಣ್ಣದಂಥ ಕಣ್ಣಿಗೆ ಕಾಣುವ, ಚರಿತ್ರೆಯ ಭಾರ ಹೊತ್ತ ವ್ಯತ್ಯಾಸಗಳ ಮುಂದೆ ನಮ್ಮ ತೀರ್ಪು ನೆಟ್ಟಗಿರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಚಾಳಿಯಿದೆ. ನಮ್ಮ ಗುಂಪಿನವರಲ್ಲಿ ಕೋಪಿಷ್ಠರು, ಸಾಧುಗಳು, ಜಿಪುಣರು, ಧಾರಾಳಿಗಳು ಎಲ್ಲರೂ ನಮಗೆ ಬಿಡಿಬಿಡಿಯಾಗಿ ಕಾಣುತ್ತಾರೆ. ಹೊರಗಿನ ಗುಂಪಿನವರು ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತೆ ಕಾಣುತ್ತಾರೆ. ಇದಕ್ಕೆ ನೀವು ಈಗಿಂದೀಗ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಬಾಯಲ್ಲಿ ಅಥವಾ ಮನಸ್ಸಿನಲ್ಲಿ 'ಅವರೆಲ್ಲ ಹಾಗೇ' ಎಂಬ ವಾಕ್ಯ ಬಂದಾಗ ನಿಂತು, ಆ ಅಭಿಪ್ರಾಯಕ್ಕೆ ಆಧಾರವಾದ ವ್ಯಕ್ತಿಗಳು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಹೆಚ್ಚಿನ ಸಲ ಅದು ಇಬ್ಬರನ್ನೋ ಮೂವರನ್ನೋ ದಾಟುವುದಿಲ್ಲ; ಕೆಲವು ಸಲ ಯಾರೂ ಇರುವುದಿಲ್ಲ, ಬೇರೆ ಯಾರೋ ಹೇಳಿದ ಮಾತಷ್ಟೇ ಇರುತ್ತದೆ. ಆಗ ಅದೇ ವಾಕ್ಯವನ್ನು 'ನಾನು ಕಂಡ ಇಬ್ಬರು ಹೀಗೆ ನಡೆದುಕೊಂಡರು' ಎಂದು ತಿದ್ದಿ ಹೇಳಿ. ತಿದ್ದಿದ ಮಾತು ನಿಜಕ್ಕೆ ಹತ್ತಿರವಾಗಿರುತ್ತದೆ, ಮತ್ತು ಮೂರನೆಯ ವ್ಯಕ್ತಿ ಬೇರೆ ಥರ ಇರಬಹುದೆಂಬುದಕ್ಕೆ ಜಾಗ ಬಿಡುತ್ತದೆ.

ಒಬ್ಬ ವ್ಯಕ್ತಿಯಲ್ಲಿ ಹಲವು ಗುರುತುಗಳು ಒಟ್ಟಿಗೆ ಇರುತ್ತವೆ ಎಂಬುದನ್ನೂ ಮರೆಯಬಾರದು. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಒಂದು ಮೊಕದ್ದಮೆಯ ಮೂಲಕ ತೋರಿಸಿಕೊಟ್ಟರು. ಅಲ್ಲಿನ ಒಂದು ಮೋಟಾರು ವಾಹನ ಕಂಪನಿ ತಮ್ಮನ್ನು ಕೆಲಸದಿಂದ ತೆಗೆದದ್ದು ತಾರತಮ್ಯವೆಂದು ಕಪ್ಪು ಮಹಿಳೆಯರು ನ್ಯಾಯಾಲಯಕ್ಕೆ ಹೋಗಿದ್ದರು. ಕಂಪನಿಯಲ್ಲಿ ಮಹಿಳೆಯರು ಇದ್ದರು, ಆದರೆ ಅವರು ಬಿಳಿಯರು. ಮಹಿಳೆಯರಿಗೆ ಕೆಲಸ ಕೊಟ್ಟಿದೆಯಾದ್ದರಿಂದ ಲಿಂಗ ತಾರತಮ್ಯವಿಲ್ಲ, ಜನಾಂಗದ ದೂರನ್ನು ಬೇರೆ ಪ್ರಕರಣದ ಜೊತೆ ಸೇರಿಸಿಕೊಳ್ಳಿ, ಎರಡನ್ನೂ ಕೂಡಿಸಿ ಹೊಸ ದೂರು ಮಾಡುವಂತಿಲ್ಲ ಎಂಬುದು 1976ರ ತೀರ್ಪಿನ ಧಾಟಿಯಾಗಿತ್ತು. ಆ ಮಹಿಳೆಯರ ಕಷ್ಟವಿದ್ದದ್ದು ಆ ಎರಡು ಗುರುತುಗಳು ಕೂಡುವ ಜಾಗದಲ್ಲಿ. ಒಂದೊಂದನ್ನೇ ಬಿಡಿಸಿ ನೋಡಿದವರಿಗೆ ಅದು ಕಾಣಲೇ ಇಲ್ಲ. ಹಾಗಾಗಿ ಒಂದು ಸಮುದಾಯದ ಬಗ್ಗೆ ಏನಾದರೂ ತೀರ್ಮಾನಿಸುವಾಗ, ಅದರೊಳಗಿನ ಬಡವರಿಗೆ, ವೃದ್ಧರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಇದು ಹೇಗೆ ತಟ್ಟುತ್ತದೆ ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.

ಊಹಿಸಬೇಡಿ, ಕೇಳಿ

ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸು ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಅದು ಮನಸ್ಸನ್ನು ಮೆದುಗೊಳಿಸುವ ಒಳ್ಳೆಯ ಅಭ್ಯಾಸವೇ ಸರಿ; ಆದರೆ ಅದರಿಂದ ಇನ್ನೊಬ್ಬರ ಮನಸ್ಸು ನಿಖರವಾಗಿ ತಿಳಿಯುತ್ತದೆ ಎಂದು ನಂಬುವುದು ತಪ್ಪು. ತಾಲ್ ಇಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 25 ಪ್ರಯೋಗಗಳನ್ನು ನಡೆಸಿ ಇದನ್ನೇ ಪರೀಕ್ಷಿಸಿದರು. ಇನ್ನೊಬ್ಬರ ದೃಷ್ಟಿಯಿಂದ ಕಲ್ಪಿಸಿಕೊಳ್ಳಲು ಹೇಳಿದ್ದರಿಂದ ಜನರ ಊಹೆಯ ನಿಖರತೆ ಹೆಚ್ಚಲಿಲ್ಲ. ಇನ್ನೊಬ್ಬರೊಂದಿಗೆ ನೇರವಾಗಿ ಮಾತಾಡಿ ಅವರ ಅಭಿಪ್ರಾಯ ತಿಳಿದುಕೊಂಡಾಗ ಹೆಚ್ಚಿತು. ತೀರ ಭಿನ್ನವಾದ ಹಿನ್ನೆಲೆಯವರ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ನಮ್ಮ ಕಲ್ಪನೆಗೆ ದೊರೆಯುವ ಸಾಮಗ್ರಿ ನಮ್ಮದೇ ಬದುಕಿನದಾಗಿರುತ್ತದೆ.

ಆದರೆ ಕೇಳುವುದಕ್ಕೂ ಒಂದು ಕ್ರಮವಿದೆ. ಕಚೇರಿಯಲ್ಲಿ ತರಬೇತಿಯ ದಿನ ಗೊತ್ತುಮಾಡುವ ಹೊಣೆ ನಿಮ್ಮದು ಎಂದಿಟ್ಟುಕೊಳ್ಳಿ. ತಂಡದಲ್ಲಿ ಬೇರೊಂದು ಧರ್ಮದ ಸಹೋದ್ಯೋಗಿಯೊಬ್ಬರು ಇದ್ದಾರೆ. 'ಆ ದಿನ ನಿಮ್ಮವರಿಗೆಲ್ಲ ಹಬ್ಬ ಅಲ್ಲವೇ ಮೇಡಂ, ನೀವು ಹೇಗೂ ಬರುವುದಿಲ್ಲ ಬಿಡಿ' ಎಂದು ಹೇಳಿದರೆ ಅದರಲ್ಲಿ ಕಾಳಜಿಯೇನೋ ಇದೆ. ಆದರೆ ಆ ಒಂದು ಮಾತಿನಲ್ಲಿ ಅವರನ್ನು ಒಂದು ಗುಂಪಿನೊಳಗೆ ಸೇರಿಸಿದ್ದಾಗಿದೆ, ಅವರು ಹಬ್ಬ ಆಚರಿಸುತ್ತಾರೆಂದು ಊಹಿಸಿದ್ದಾಗಿದೆ, ಅವರ ಪರವಾಗಿ ತೀರ್ಮಾನವನ್ನೂ ಕೈಗೊಂಡಿದ್ದಾಗಿದೆ. ಅದರ ಬದಲು, 'ಮುಂದಿನ ತಿಂಗಳ ತರಬೇತಿಗೆ ದಿನ ನೋಡುತ್ತಿದ್ದೇನೆ ಮೇಡಂ. ನಿಮಗೆ ಆಗದ ದಿನವೋ ಹೊತ್ತೋ ಇದ್ದರೆ ತಿಳಿಸಿ, ಕಾರಣ ಹೇಳಲೇಬೇಕೆಂದಿಲ್ಲ' ಎಂದು ಕೇಳಿ; ಮತ್ತು ಇದೇ ಪ್ರಶ್ನೆಯನ್ನು ತಂಡದ ಎಲ್ಲರಿಗೂ ಕೇಳಿ. ಆಗ ಹಬ್ಬವಿರುವವರೂ, ಮನೆಯಲ್ಲಿ ಹುಷಾರಿಲ್ಲದ ತಾಯಿಯನ್ನು ನೋಡಿಕೊಳ್ಳುವವರೂ, ದೂರದಿಂದ ಬರುವವರೂ ಒಂದೇ ಸಮನಾಗಿ ಉತ್ತರ ಕೊಡಬಹುದು. ಯಾರೊಬ್ಬರೂ ವಿಶೇಷ ರಿಯಾಯಿತಿ ಬೇಡಿದಂತೆ ಆಗುವುದಿಲ್ಲ.

ಈ ಉದಾಹರಣೆಯಲ್ಲಿರುವ ಕ್ರಮವನ್ನು ಬೇರೆ ಸಂದರ್ಭಗಳಿಗೂ ಹೊಂದಿಸಿಕೊಳ್ಳಬಹುದು. ಯಾಕೆ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಬೇಕು. ಉದ್ದೇಶ ತಿಳಿಯದ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. ಗುಂಪಿನ ಬಗ್ಗೆ ಕೇಳದೆ ಆ ವ್ಯಕ್ತಿಯ ಬಗ್ಗೆ ಕೇಳಬೇಕು. ಉತ್ತರಿಸದೆ ಇರುವುದಕ್ಕೂ ಅವರಿಗೆ ದಾರಿ ಇರಬೇಕು. ಪುಸ್ತಕದಲ್ಲಿ ಓದಿ ತಿಳಿಯಬಹುದಾದ ಸಂಗತಿಗಳನ್ನು, ಅಂದರೆ ಒಂದು ಸಮುದಾಯದ ಚರಿತ್ರೆ, ಅದು ಅನುಭವಿಸಿದ ಅನ್ಯಾಯ, ಅದರ ಭಾಷೆಯ ಹೆಸರು ಮುಂತಾದವನ್ನು, ಓದಿ ತಿಳಿದುಕೊಂಡೇ ಹೋಗಬೇಕು. ಸಿಕ್ಕ ಒಬ್ಬರಿಂದಲೇ ಎಲ್ಲ ಪಾಠ ಹೇಳಿಸಿಕೊಳ್ಳುವುದು ಅವರ ಮೇಲೆ ಹೊರೆ ಹೊರಿಸಿದಂತೆ. ತಂಡದಲ್ಲಿ ಒಂದು ಸಮುದಾಯದವರು ಒಬ್ಬರೇ ಇದ್ದಾಗ ಈ ಎಚ್ಚರ ಇನ್ನೂ ಮುಖ್ಯ. ಯಾವುದೋ ಸುದ್ದಿ ಬಂದೊಡನೆ ಎಲ್ಲರ ಕಣ್ಣೂ ಅವರತ್ತ ತಿರುಗಿ, 'ಇದಕ್ಕೆ ನಿಮ್ಮ ಜನ ಏನನ್ನುತ್ತಾರೆ?' ಎಂಬ ಪ್ರಶ್ನೆ ಬಂದರೆ, ಅವರು ಆ ಕ್ಷಣಕ್ಕೆ ಸಹೋದ್ಯೋಗಿಯಾಗಿ ಉಳಿಯುವುದಿಲ್ಲ. ತಾವು ಕಂಡೂ ಇಲ್ಲದ ಲಕ್ಷಾಂತರ ಜನರ ಪರವಾಗಿ ಉತ್ತರ ಕೊಡಬೇಕಾದ ಸ್ಥಿತಿಗೆ ಬೀಳುತ್ತಾರೆ.

ಒಬ್ಬರು ತಮಗಾದ ತಾರತಮ್ಯವನ್ನು ಹೇಳಿಕೊಂಡಾಗ ನಮ್ಮಿಂದ ಹೊರಡುವ ಮೊದಲ ಮಾತು ಸಾಮಾನ್ಯವಾಗಿ 'ಅವರು ಆ ಅರ್ಥದಲ್ಲಿ ಹೇಳಿರಲಿಕ್ಕಿಲ್ಲ' ಎಂಬ ಸಮಾಧಾನವಾಗಿರುತ್ತದೆ. ಸ್ಥಳದಲ್ಲಿ ಇಲ್ಲದ ನಮಗೆ ಅದು ಹೇಗೆ ಗೊತ್ತು? ಆ ಮಾತನ್ನು ತಡೆದುಕೊಂಡು, ಏನಾಯಿತು, ಆಮೇಲೆ ಏನಾಯಿತು ಎಂದು ಕೇಳಿ. ನಿಮ್ಮಿಂದ ಯಾವ ನೆರವು ಬೇಕೆಂದು ಕೊನೆಗೆ ಕೇಳಿ. ದೂರು ಕೊಡುವುದೋ ಬಿಡುವುದೋ ಅವರ ನಿರ್ಧಾರವಾಗಿರಲಿ.

ಒಟ್ಟಿಗೆ ಕೂರಿಸಿದರೆ ಸಾಲದು

ಬೇರೆ ಬೇರೆ ಸಮುದಾಯದವರನ್ನು ಒಂದು ಕಡೆ ಸೇರಿಸಿದರೆ ಸ್ನೇಹ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಯ ಮೇಲೆ ಎಷ್ಟೋ ಸೌಹಾರ್ದ ಸಮಾರಂಭಗಳು ನಡೆಯುತ್ತವೆ. ವೇದಿಕೆ, ಭಾಷಣ, ಊಟ ಮುಗಿದ ಮೇಲೆ ಎಲ್ಲರೂ ತಂತಮ್ಮವರೊಂದಿಗೇ ಮನೆಗೆ ಹೋಗುತ್ತಾರೆ. ಇದು ಯಾಕೆ ಹೀಗೆ ಎಂಬುದಕ್ಕೆ 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ ಮುಜಫರ್ ಶೆರೀಫ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಉತ್ತರವಿದೆ. ಸುಮಾರು 11 ವರ್ಷದ 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗೆ ಇಳಿಸಿದಾಗ ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವುದು ಎಲ್ಲ ಆಯಿತು. ಆಮೇಲೆ ಅವರನ್ನು ಒಟ್ಟಿಗೆ ಕೂರಿಸಿ ಸಿನಿಮಾ ತೋರಿಸಿದರು, ಒಟ್ಟಿಗೆ ಊಟಕ್ಕೆ ಬಿಟ್ಟರು. ಜಗಳ ಕಡಿಮೆಯಾಗಲಿಲ್ಲ, ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಪರಿಸ್ಥಿತಿ ಬದಲಾದದ್ದು ಎರಡೂ ಗುಂಪು ಕೈಜೋಡಿಸದೆ ಆಗದಂಥ ಕೆಲಸಗಳು ಎದುರಾದಾಗ: ಶಿಬಿರಕ್ಕೆ ನೀರು ನಿಂತಿತು, ಊಟ ತರಬೇಕಾದ ಟ್ರಕ್ಕು ಸ್ಟಾರ್ಟ್ ಆಗಲಿಲ್ಲ. ಹಿಂದೆ ಹಗ್ಗಜಗ್ಗಾಟದಲ್ಲಿ ಒಬ್ಬರ ವಿರುದ್ಧ ಒಬ್ಬರು ಎಳೆದಿದ್ದ ಹಗ್ಗವನ್ನೇ ಟ್ರಕ್ಕಿಗೆ ಕಟ್ಟಿ ಹುಡುಗರೆಲ್ಲ ಸೇರಿ ಎಳೆದರು. ಮಕ್ಕಳಿಗೆ ತಿಳಿಸದೆ ಅವರ ನಡುವೆ ಹಗೆ ಹುಟ್ಟಿಸಿದ ಈ ಪ್ರಯೋಗದ ನೈತಿಕತೆಯನ್ನು ಇಂದು ಒಪ್ಪಲಾಗದು. ಆದರೂ ಅದು ಕಂಡುಕೊಂಡದ್ದನ್ನು ಬದಿಗಿಡುವಂತಿಲ್ಲ.

ಅದೇ 1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಗುಂಪುಗಳ ನಡುವಣ ಒಡನಾಟ ಪೂರ್ವಗ್ರಹವನ್ನು ಕಡಿಮೆ ಮಾಡಬೇಕಾದರೆ ಯಾವ ಸ್ಥಿತಿ ಇರಬೇಕೆಂದು ಹೇಳಿದ್ದರು: ಆ ಸಂದರ್ಭದಲ್ಲಿ ಇಬ್ಬರ ಸ್ಥಾನಮಾನವೂ ಸಮನಾಗಿರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಮುಟ್ಟಲು ಪರಸ್ಪರ ಸಹಕಾರ ಬೇಕಾಗಬೇಕು, ಮತ್ತು ಕಾನೂನು ಅಥವಾ ಸಂಸ್ಥೆಯ ಬೆಂಬಲ ಇರಬೇಕು. ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 38 ದೇಶಗಳ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಇಳಿಯುವುದು ಸಾಮಾನ್ಯವಾಗಿ ಕಂಡುಬಂತು. ಈ ಸ್ಥಿತಿಗಳಿದ್ದಲ್ಲಿ ಪರಿಣಾಮ ಇನ್ನೂ ಹೆಚ್ಚಾಗಿತ್ತು.

ತರಗತಿಯಲ್ಲಿ ಇದನ್ನು ಆಚರಣೆಗೆ ತಂದವರು ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಹೊಸದಾಗಿ ಒಂದೇ ಶಾಲೆಗೆ ಬಂದು ಘರ್ಷಣೆ ಶುರುವಾಗಿದ್ದ 1971ರ ಸಮಯವದು. ಅವರು ಐದಾರು ಮಕ್ಕಳ ಮಿಶ್ರ ಗುಂಪುಗಳನ್ನು ಮಾಡಿ, ಪಾಠವನ್ನು ಭಾಗ ಮಾಡಿ, ಪ್ರತಿ ಮಗುವಿಗೂ ಒಂದೊಂದೇ ಭಾಗ ಕೊಟ್ಟರು. ಪರೀಕ್ಷೆ ಇಡೀ ಪಾಠದ ಮೇಲೆ. ತಡವರಿಸಿ ಮಾತಾಡುವ ಮಗುವನ್ನು ಮೊದಮೊದಲು ಉಳಿದವರು ಗೇಲಿ ಮಾಡಿದರೂ, ಆ ಮಗುವಿನ ಬಳಿ ಇರುವ ಭಾಗ ತಮಗೆ ಬೇರೆಲ್ಲೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ, ಅದು ಸಲೀಸಾಗಿ ಹೇಳುವಂತೆ ಒಳ್ಳೆಯ ಪ್ರಶ್ನೆ ಕೇಳುವುದನ್ನು ಕಲಿತರು. ನೀವು ಶಿಕ್ಷಕರಾಗಿದ್ದರೆ ಇದನ್ನು ಹಾಗೆಯೇ ಬಳಸಬಹುದು. ನಿವಾಸಿಗಳ ಸಂಘದಲ್ಲೋ ಕಚೇರಿಯಲ್ಲೋ ಇದ್ದರೆ, ಮಿಶ್ರ ತಂಡಗಳಿಗೆ ನಿಜವಾದ ಕೆಲಸ ಕೊಡಿ, ಆ ಕೆಲಸದಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಉಳಿದವರಿಗೆ ಬೇಕಾದ ಒಂದು ಮಾಹಿತಿಯೋ ಅಧಿಕಾರವೋ ಇರುವಂತೆ ನೋಡಿಕೊಳ್ಳಿ. ಲೆಕ್ಕ, ಪತ್ರವ್ಯವಹಾರ, ಅಧ್ಯಕ್ಷತೆ ಒಂದು ಗುಂಪಿಗೆ, ಕುರ್ಚಿ ಜೋಡಿಸುವುದು, ಕಸ ತೆಗೆಯುವುದು ಇನ್ನೊಂದು ಗುಂಪಿಗೆ ಎಂದಾದರೆ ಒಟ್ಟಿಗೆ ದುಡಿದರೂ ಹಳೆಯ ಮೇಲುಕೀಳು ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಒಡನಾಟದಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದಕ್ಕೂ ಮಿತಿಯಿದೆ. ಸಲ್ಮಾ ಮೂಸಾ ಇರಾಕ್‌ನಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡಿದ್ದ ಕ್ರೈಸ್ತ ಆಟಗಾರರ ಕೆಲವು ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಿಶ್ರ ತಂಡದಲ್ಲಿ ಆಡಿದವರು ಮೈದಾನದ ಒಡನಾಡಿಗಳೊಂದಿಗೆ ಆತ್ಮೀಯರಾದರು; ಆದರೆ ಮೈದಾನದ ಹೊರಗಿನ ಅಪರಿಚಿತರ ವಿಷಯದಲ್ಲಿ ಅವರ ನಡವಳಿಕೆ ಹೆಚ್ಚು ಬದಲಾಗಲಿಲ್ಲ. 'ನನಗೆ ಆ ಸಮುದಾಯದ ಒಬ್ಬ ಆಪ್ತ ಗೆಳೆಯನಿದ್ದಾನೆ' ಎಂಬುದು ಆ ಸಮುದಾಯದ ಬಗ್ಗೆ ನಮ್ಮ ನಿಲುವು ನ್ಯಾಯವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಜಾಗ ಮತ್ತು ನಿಯಮ ಎಲ್ಲರಿಗೂ ಒಗ್ಗಲಿ

ಎಲ್ಲರಿಗೂ ಒಂದೇ ನಿಯಮ ಎಂಬುದು ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಮೆಟ್ಟಿಲು ಮಾತ್ರ ಇರುವ ಕಟ್ಟಡದಲ್ಲಿ 'ಎಲ್ಲರೂ ಮೇಲೆ ಬನ್ನಿ' ಎಂಬ ಕರೆ ಗಾಲಿಕುರ್ಚಿಯಲ್ಲಿ ಇರುವವರಿಗೆ ತಲುಪುವುದೇ ಇಲ್ಲ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ವಿಪರೀತ ಹೊರೆಯಾಗದ ಸಮಂಜಸವಾದ ಹೊಂದಾಣಿಕೆಯನ್ನು ಮಾಡಿಕೊಡಲು ನಿರಾಕರಿಸುವುದನ್ನೂ ತಾರತಮ್ಯವೆಂದೇ ಪರಿಗಣಿಸುತ್ತದೆ. ಈ ನೋಟವನ್ನು ಅಂಗವೈಕಲ್ಯದ ಆಚೆಗೂ ಬಳಸಿಕೊಳ್ಳುವುದು ಸರಿ ಎಂದು ನಾನು ನಂಬುತ್ತೇನೆ.

ಕಿವಿ ಕೇಳದ ಸದಸ್ಯರೊಬ್ಬರು ಬರುವ ಸಭೆಯನ್ನೇ ತೆಗೆದುಕೊಳ್ಳಿ. ಸಂಜ್ಞಾಭಾಷೆಯ ದುಭಾಷಿಯನ್ನು ಕರೆಸಿದರೆ ಕೆಲಸ ಮುಗಿಯಿತು ಎಂದುಕೊಂಡರೆ ಸಭೆ ನಡೆಯುವಾಗ ತೊಡಕು ಗೊತ್ತಾಗುತ್ತದೆ. ದುಭಾಷಿ ಕಿಟಕಿಗೆ ಬೆನ್ನು ಮಾಡಿ ಕೂತರೆ ಹಿಂದಿನ ಬೆಳಕಿಗೆ ಅವರ ಮುಖ, ಕೈಗಳು ಕಪ್ಪಾಗಿ ಕಾಣುತ್ತವೆ. ಬೆಳಕು ಮುಖದ ಮೇಲೆ ಬೀಳುವಂತೆ ಮಾತಾಡುವವರ ಪಕ್ಕದಲ್ಲಿ ಅವರನ್ನು ಕೂರಿಸಬೇಕು. ಮಾತಾಡುವಾಗ ದುಭಾಷಿಯ ಮುಖ ನೋಡಿ 'ಅವರಿಗೆ ಹೇಳಿ' ಎನ್ನದೆ, ಆ ಸದಸ್ಯರನ್ನೇ ನೋಡಿ 'ನಿಮ್ಮ ಅಭಿಪ್ರಾಯ ಏನು ಸರ್?' ಎಂದು ಕೇಳಬೇಕು. ಅನುವಾದ ಕೆಲವು ಸೆಕೆಂಡು ಹಿಂದೆ ಇರುವುದರಿಂದ, ಪ್ರಶ್ನೆ ಕೇಳಿದೊಡನೆ ಇನ್ನೊಬ್ಬರು ಉತ್ತರಿಸಲು ಹೊರಟರೆ ಅವರಿಗೆ ಮಾತಿನ ಸರದಿ ಸಿಗುವುದೇ ಇಲ್ಲ. ಕಾಗದ ಹಂಚಿ 'ಓದುತ್ತಾ ಕೇಳಿಸಿಕೊಳ್ಳಿ' ಎಂದರೆ ಉಳಿದವರಿಗೆ ಸುಲಭ, ಅವರಿಗೆ ಅಸಾಧ್ಯ. ಕಣ್ಣು ಕಾಗದದ ಮೇಲಿದ್ದಾಗ ಕೈಗಳ ಭಾಷೆ ತಪ್ಪಿಹೋಗುತ್ತದೆ. ಓದುವುದಕ್ಕೆ ಬೇರೆಯಾಗಿ ಎರಡು ನಿಮಿಷ ಕೊಡಬೇಕು. ಇವು ಯಾವುದಕ್ಕೂ ಖರ್ಚಿಲ್ಲ. ಮೊದಲೇ ಅವರನ್ನು ಕೇಳಿದ್ದರೆ ಅವರೇ ಎಲ್ಲವನ್ನೂ ಹೇಳುತ್ತಿದ್ದರು.

ಹೆಸರುಗಳ ವಿಷಯ ಚಿಕ್ಕದು, ಆದರೆ ದಿನವೂ ಎದುರಾಗುವಂಥದು. ಪರಿಚಯವಿಲ್ಲದ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಕೇಳಿ ಕಲಿಯಿರಿ. ನಿಮ್ಮ ಅನುಕೂಲಕ್ಕೆ ಅದನ್ನು ಮೊಟಕು ಮಾಡಬೇಡಿ. ಒಂದು ಸಮುದಾಯ ತನ್ನನ್ನು ಯಾವ ಹೆಸರಿನಿಂದ ಕರೆದುಕೊಳ್ಳುತ್ತದೋ ಅದನ್ನೇ ಬಳಸಿ. ಯಾರಾದರೂ ನಿಮ್ಮನ್ನು ತಿದ್ದಿದರೆ 'ಕ್ಷಮಿಸಿ, ತಿದ್ದಿಕೊಂಡೆ' ಎಂದು ಹೇಳಿ ಮಾತು ಮುಂದುವರಿಸಿ. ನಿಮ್ಮ ಉದ್ದೇಶ ಎಷ್ಟು ಒಳ್ಳೆಯದಿತ್ತು ಎಂದು ವಿವರಿಸುತ್ತಾ ಹೋದರೆ ನೊಂದವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಎದುರಿಗಿಲ್ಲದ ಸಮುದಾಯವನ್ನು ಹೀಯಾಳಿಸುವ ಮಾತು ನಿಮ್ಮವರ ನಡುವೆಯೇ ಬಂದಾಗ, 'ಈ ಮಾತು ಬೇಡ' ಎಂದು ಸ್ಪಷ್ಟವಾಗಿ ಹೇಳಿ. ಹೊರಗಿನವರು ಹೇಳಿದ್ದಕ್ಕಿಂತ ಒಳಗಿನವರು ಹೇಳಿದ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ಒಪ್ಪಲಾಗದ ಸಂಗತಿ ಎದುರಾದಾಗ

ಒಂದು ಸಮುದಾಯವನ್ನು ಗೌರವಿಸುವುದೆಂದರೆ ಅದರ ಎಲ್ಲ ಆಚರಣೆಗಳನ್ನೂ ಒಪ್ಪಿಕೊಳ್ಳಬೇಕೇ ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು, ಅದನ್ನು ತೇಲಿಸಿಬಿಡಬಾರದು. ಸಾಂಸ್ಕೃತಿಕ ವೈವಿಧ್ಯವನ್ನು ಕುರಿತು ಯುನೆಸ್ಕೋ 2001ರ ನವೆಂಬರ್ 2ರಂದು ಅಂಗೀಕರಿಸಿದ ಜಾಗತಿಕ ಘೋಷಣೆ ವೈವಿಧ್ಯದ ರಕ್ಷಣೆಯನ್ನು ಮಾನವ ಘನತೆಯ ಗೌರವದಿಂದ ಬೇರ್ಪಡಿಸಲಾಗದು ಎನ್ನುತ್ತದೆ. ಅದೇ ನಾಲ್ಕನೆಯ ವಿಧಿಯಲ್ಲಿ, ಸಾಂಸ್ಕೃತಿಕ ವೈವಿಧ್ಯದ ಹೆಸರಿನಲ್ಲಿ ಯಾರೂ ಅಂತರರಾಷ್ಟ್ರೀಯ ಕಾನೂನು ಖಾತರಿಪಡಿಸಿದ ಮಾನವ ಹಕ್ಕುಗಳನ್ನು ಉಲ್ಲಂಘಿಸುವಂತಿಲ್ಲ, ಅವುಗಳ ವ್ಯಾಪ್ತಿಯನ್ನು ಕುಗ್ಗಿಸುವಂತಿಲ್ಲ ಎಂದೂ ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ವ್ಯವಹಾರದಲ್ಲಿ ಇದನ್ನು ಹೀಗೆ ನಡೆಸಬಹುದು. ಮೊದಲು, ಆ ಆಚರಣೆ ನಿಮಗೆ ಅಪರಿಚಿತವಾಗಿದೆಯೋ ಅಥವಾ ಅದರಿಂದ ಯಾರಿಗಾದರೂ ಹಾನಿಯಾಗುತ್ತಿದೆಯೋ ಎಂದು ಬೇರೆ ಮಾಡಿ ನೋಡಿ. ಬಹಳಷ್ಟು ಆಕ್ಷೇಪಗಳು ಈ ಹಂತದಲ್ಲೇ ಕರಗುತ್ತವೆ. ಹಾನಿ ಇದೆಯೆಂದಾದರೆ, ಅದನ್ನು ಅನುಭವಿಸುತ್ತಿರುವವರು ಆ ಸಮುದಾಯದ ಒಳಗೆ ಯಾರು, ಅವರು ಈಗಾಗಲೇ ಏನು ಹೇಳುತ್ತಿದ್ದಾರೆ ಎಂದು ಹುಡುಕಿ. ಪ್ರತಿ ಸಮುದಾಯದೊಳಗೂ ತನ್ನ ಪದ್ಧತಿಯನ್ನು ಪ್ರಶ್ನಿಸುವವರು ಇರುತ್ತಾರೆ, ಮುಖಂಡರೆನಿಸಿಕೊಂಡವರ ಮಾತೇ ಎಲ್ಲರ ಮಾತಾಗಿರುವುದಿಲ್ಲ. ಹಾಗೆ ಪ್ರಶ್ನಿಸುತ್ತಿರುವವರನ್ನು ಭೇಟಿಯಾಗಿ, ನಿಮ್ಮ ಬೆಂಬಲ ಅವರಿಗೆ ಬೇಕೇ, ಬೇಕಾದರೆ ಯಾವ ರೂಪದಲ್ಲಿ, ಬಹಿರಂಗವಾಗಿಯೋ ಹಿಂದೆ ನಿಂತೋ ಎಂದು ಕೇಳಿ. ಹೊರಗಿನವರ ಅಬ್ಬರದ ಖಂಡನೆಯಿಂದ ಅವರ ದನಿಯೇ ಅಡಗಿಹೋಗುವ ಸಂದರ್ಭಗಳು ಉಂಟು. ಹಾನಿಗೆ ಒಳಗಾದವರು ಮಗುವಾಗಿದ್ದರೆ, ಅಥವಾ ಜೀವಕ್ಕೆ ಅಪಾಯವಿದ್ದರೆ, ಸಮುದಾಯದ ಮನಸ್ಸು ನೋಯಬಹುದೆಂದು ಕಾಯುತ್ತಾ ಕೂರದೆ ಕಾನೂನಿನ ನೆರವನ್ನು ತಕ್ಷಣ ಪಡೆಯಬೇಕು, ಮತ್ತು ದೂರು ಕೊಡುವಾಗ ನಡೆದ ಕೃತ್ಯವನ್ನು, ಅದನ್ನು ಮಾಡಿದ ವ್ಯಕ್ತಿಯನ್ನು ಮಾತ್ರ ಹೆಸರಿಸಬೇಕು, ಅವರ ಸಮುದಾಯವನ್ನಲ್ಲ.